‘ಕಲ್’ ಎಂದರೆ ನಿನ್ನೆಯೋ, ನಾಳೆಯೋ?

ನಮ್ಮ ಮನೆಯಲ್ಲಿ ಆಡುವ ಭಾಷೆ ಉರ್ದು. ಉರ್ದುವಿನಲ್ಲಿ ‘ಕಲ್’ ಎಂಬ ಒಂದೇ ಪದಕ್ಕೆ ನಿನ್ನೆ ಎಂದೂ ಅರ್ಥ, ನಾಳೆ ಎಂದೂ ಅರ್ಥ. ಮಾತನಾಡುವಾಗ ಇದರಿಂದ ತೊಂದರೆ ಇಲ್ಲ. ‘ಕಲ್ ಆಯಾ’ ಎಂದರೆ ನಿನ್ನೆ ಬಂದ, ‘ಕಲ್ ಆಯೇಗಾ’ ಎಂದರೆ ನಾಳೆ ಬರುತ್ತಾನೆ. ಕ್ರಿಯಾಪದ ಕೇಳಿದ ಕೂಡಲೇ ಅರ್ಥವಾಗುತ್ತದೆ. ಆದರೆ ಕ್ರಿಯಾಪದವೇ ಇಲ್ಲದ ಮೊಬೈಲ್ ಸಂದೇಶದಲ್ಲಿ ಏನಾಗುತ್ತದೆ? ಇದನ್ನು ಈ ವರ್ಷ ನಮ್ಮ ಮನೆಯವರು ಕಷ್ಟಪಟ್ಟು ಕಲಿತೆವು.

ಅಬ್ಬಾ ಅವರದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಮಾರುಕಟ್ಟೆಯಲ್ಲಿ ಗೂಡು ಕೊಂಡು, ಬೇಯಿಸಿ, ನೂಲು ತೆಗೆದು ಮಾರುವುದು. ಶಿಡ್ಲಘಟ್ಟ, ರಾಮನಗರದ ಕಡೆ ನೆಂಟರಿರುವ ಸಹಪಾಠಿಗಳಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಜೂನ್ 4ರಂದು ಬೇರೆ ಊರಿನ ಒಬ್ಬ ವ್ಯಾಪಾರಿಗೆ 12 ಕೆ.ಜಿ. ನೂಲು ಕಳಿಸಿದರು. ಕೆ.ಜಿ.ಗೆ ₹4,200ರಂತೆ ಒಟ್ಟು ₹50,400. ಒಂದು ತಿಂಗಳೊಳಗೆ ಹಣ ಕೊಡುವುದೆಂದು ಫೋನಿನಲ್ಲಿ ಮಾತಾಗಿತ್ತು. ಬರೆದದ್ದು ಏನೂ ಇರಲಿಲ್ಲ.

ಜುಲೈ 5ರಂದು ಅವರಿಂದ ಸಂದೇಶ ಬಂತು: ‘ಕಲ್ 30,000 ಪೇಮೆಂಟ್. ಬಾಕಿ ಬಾದ್ ಮೇ.’ ಅಬ್ಬಾ ಇದನ್ನು ‘ನಿನ್ನೆ ಕಳಿಸಿದ್ದೇನೆ’ ಎಂದು ಓದಿಕೊಂಡರು. ಬ್ಯಾಂಕ್ ಖಾತೆ ನೋಡಿದರೆ ಹಣವಿಲ್ಲ. ಗೂಡು ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಸಿಟ್ಟು ಬೇರೆ. ಮನೆಯಲ್ಲಿ ಕಾಮರ್ಸ್ ಓದುತ್ತಿರುವುದು ನಾನೇ ಆದ್ದರಿಂದ ಉತ್ತರ ಬರೆಯುವ ಕೆಲಸ ನನಗೆ ಬಂತು. ನಾನು ಇಂಗ್ಲಿಷಿನಲ್ಲಿ ಜೋರಾಗಿಯೇ ಬರೆದೆ. ಅದರ ಅರ್ಥ ಕನ್ನಡದಲ್ಲಿ ಇಷ್ಟು: ‘ನೀವು ಸುಳ್ಳು ಹೇಳುತ್ತಿದ್ದೀರಿ. ಯಾವ ಹಣವೂ ಬಂದಿಲ್ಲ. ಕೂಡಲೇ ಪೂರ್ತಿ ಹಣ ಕಳಿಸದಿದ್ದರೆ ಮುಂದಿನದನ್ನು ನೋಡಿಕೊಳ್ಳುತ್ತೇವೆ.’ ಬರೆದು ಮುಗಿಸಿದಾಗ ನನಗೆ ಹೆಮ್ಮೆಯೇ ಆಗಿತ್ತು.

ಮರುದಿನ ಬೆಳಿಗ್ಗೆ ₹30,000 ಖಾತೆಗೆ ಬಂತು. ಅವರು ಬರೆದಿದ್ದ ‘ಕಲ್’ ನಾಳೆ ಎಂಬ ‘ಕಲ್’. ಅದರ ನಂತರ ಅವರು ನಮ್ಮ ಫೋನ್ ಎತ್ತಲಿಲ್ಲ. ಉಳಿದ ₹20,400ರ ಸುದ್ದಿಯೇ ಇಲ್ಲ.

ಆಮೇಲೆ ಒಂದು ಆನ್‌ಲೈನ್ ಕೋರ್ಸಿಗೆ ಸೇರಿ ವ್ಯವಹಾರ ಸಂವಹನ ಎಂದರೆ ಏನೆಂದು ಕಲಿಯಲು ಶುರು ಮಾಡಿದೆ. ಅಲ್ಲಿ ಏನಿದೆ, ಏನಿಲ್ಲ, ನೀವು ಸೇರುವುದಾದರೆ ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಪಠ್ಯದಲ್ಲಿ ಇತ್ತು, ಕೈಯಲ್ಲಿ ಇರಲಿಲ್ಲ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ನಿರ್ದೇಶನ’ ಎಂಬ ಅಧ್ಯಾಯ ಇದೆ. ಮೇಲ್ವಿಚಾರಣೆ, ಅಭಿಪ್ರೇರಣೆ, ನಾಯಕತ್ವ, ಸಂವಹನ ಇವು ಅದರ ನಾಲ್ಕು ಅಂಶಗಳು. ಸಂವಹನ ಪ್ರಕ್ರಿಯೆಯ ಚಿತ್ರವನ್ನು ನಾವೆಲ್ಲರೂ ಬರೆದಿದ್ದೇವೆ. ಕಳುಹಿಸುವವ, ಸಂದೇಶ, ಅದನ್ನು ಪದಗಳಿಗೆ ಇಳಿಸುವ ಸಂಕೇತೀಕರಣ, ಮಾಧ್ಯಮ, ಅರ್ಥ ಬಿಡಿಸಿಕೊಳ್ಳುವ ವಿಸಂಕೇತೀಕರಣ, ಸ್ವೀಕರಿಸುವವ, ಕೊನೆಗೆ ಮರುಮಾಹಿತಿ. ಇದರ ಮಧ್ಯೆ ಎಲ್ಲಿ ಬೇಕಾದರೂ ನುಗ್ಗುವ ‘ಗದ್ದಲ’.

ಈ ಗದ್ದಲ ಎಂಬ ಮಾತು ಎಲ್ಲಿಂದ ಬಂತು ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದರು. ಟೆಲಿಫೋನು, ಟೆಲಿಗ್ರಾಫುಗಳ ತಂತಿಯಲ್ಲಿ ಸಂಕೇತ ಕೆಡದೆ ಹೋಗುವುದು ಹೇಗೆ ಎಂಬುದು ಅವರ ಪ್ರಶ್ನೆ. ತಂತಿಯಲ್ಲಿ ಗರಗರ ಸದ್ದು ಬಂದರೆ ಆಚೆ ಕಡೆಯವನಿಗೆ ಬೇರೆಯೇ ಕೇಳಿಸುತ್ತದೆ. ನಿರ್ವಹಣಾ ಶಾಸ್ತ್ರದವರು ಇದನ್ನೇ ಮನುಷ್ಯರ ಮಾತಿಗೆ ಅನ್ವಯಿಸಿದರು.

ನಮ್ಮ ಮನೆಯ ಪ್ರಕರಣದಲ್ಲಿ ತಂತಿ ಚೆನ್ನಾಗಿಯೇ ಇತ್ತು. ಸಂದೇಶ ಒಂದು ಅಕ್ಷರವೂ ಕೆಡದೆ ಬಂದಿತ್ತು. ಗದ್ದಲ ಇದ್ದದ್ದು ಪದದ ಅರ್ಥದಲ್ಲಿ. ಪಠ್ಯಪುಸ್ತಕ ಇದನ್ನು ಭಾಷಾರ್ಥದ ಅಡೆತಡೆ ಎನ್ನುತ್ತದೆ. ವಿಚಾರಿಸುವ ಮೊದಲೇ ‘ಇವರು ಸುಳ್ಳು ಹೇಳುತ್ತಿದ್ದಾರೆ’ ಎಂದು ನಾನು ತೀರ್ಮಾನ ಮಾಡಿದ್ದೆ. ಅದು ಮಾನಸಿಕ ಅಡೆತಡೆಗಳಲ್ಲಿ ಮೊದಲನೆಯದು, ಅವಸರದ ತೀರ್ಮಾನ. ಎರಡನ್ನೂ ಪರೀಕ್ಷೆಯಲ್ಲಿ ಉದಾಹರಣೆ ಸಹಿತ ಬರೆಯಬಲ್ಲೆ. ಆದರೆ ನನ್ನ ಬೆರಳ ತುದಿಯಲ್ಲಿ ಅವು ನಡೆಯುತ್ತಿದ್ದಾಗ ಗುರುತಿಸಲು ಆಗಲಿಲ್ಲ. ತಿಳಿದಿರುವುದಕ್ಕೂ ಅಭ್ಯಾಸ ಇರುವುದಕ್ಕೂ ಇರುವ ಈ ಅಂತರವನ್ನು ತುಂಬಲು ಕೋರ್ಸು ಉಪಯೋಗವಾಯಿತು.

ಕೋರ್ಸು ಎಲ್ಲಿದೆ, ಹೇಗೆ ನಡೆಯುತ್ತದೆ?

ಭಾರತ ಸರ್ಕಾರದ ‘ಸ್ವಯಂ’ ಎಂಬ ಜಾಲತಾಣ 2017ರ ಜುಲೈ 9ರಂದು ಶುರುವಾಯಿತು. ಅದೇ ದಿನ ‘ಸ್ವಯಂ ಪ್ರಭಾ’ ಎಂಬ ಹೆಸರಿನಲ್ಲಿ 32 ಡಿಟಿಎಚ್ ಶೈಕ್ಷಣಿಕ ಚಾನೆಲ್‌ಗಳೂ ಆರಂಭವಾದವು. ಇಂಟರ್ನೆಟ್ ಇಲ್ಲದ ಮನೆಯವರೂ ಪಾಠ ನೋಡಲಿ ಎಂಬುದು ಅದರ ಉದ್ದೇಶ.

ಸ್ವಯಂನಲ್ಲಿ ಬೇರೆ ಬೇರೆ ಸಂಸ್ಥೆಗಳಿಗೆ ಬೇರೆ ಬೇರೆ ಹೊಣೆ. ನಮ್ಮ ಬೆಂಗಳೂರಿನ ಐಐಎಂ ನಿರ್ವಹಣಾ ವಿಷಯಗಳನ್ನು ನೋಡಿಕೊಳ್ಳುತ್ತದೆ. ಎನ್‌ಸಿಇಆರ್‌ಟಿ ಶಾಲಾ ತರಗತಿಗಳ ಕೋರ್ಸುಗಳನ್ನು ನಡೆಸುತ್ತದೆ. ಅದರಲ್ಲಿ 11 ಮತ್ತು 12ನೇ ತರಗತಿಯ ಪಾಠಗಳೂ ಇವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಕೂಡ ಇದರ ಭಾಗ. ಐಐಟಿ ಎಂದರೆ ಇಂಜಿನಿಯರಿಂಗ್ ಮಾತ್ರ ಎಂದು ನಾನು ತಿಳಿದಿದ್ದೆ. ಆದರೆ ಅಲ್ಲಿ ಭಾಷೆ, ಮನಃಶಾಸ್ತ್ರ, ಸಮಾಜಶಾಸ್ತ್ರ ಕಲಿಸುವ ಮಾನವಿಕ ವಿಭಾಗಗಳೂ ಇವೆ. ಸಂವಹನ ಕೌಶಲ, ವ್ಯವಹಾರದ ಇಂಗ್ಲಿಷ್, ಸಾಫ್ಟ್ ಸ್ಕಿಲ್ಸ್ ಕೋರ್ಸುಗಳನ್ನು ಹೆಚ್ಚಾಗಿ ಆ ವಿಭಾಗದ ಪ್ರಾಧ್ಯಾಪಕರೇ ನಡೆಸುತ್ತಾರೆ.

ಒಂದು ಸ್ವಯಂ ಕೋರ್ಸಿನಲ್ಲಿ ನಾಲ್ಕು ಭಾಗಗಳಿರುತ್ತವೆ: ವಿಡಿಯೋ ಪಾಠ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಪ್ರಶ್ನೆ ಕೇಳುವ ಚರ್ಚಾ ವೇದಿಕೆ. ಎನ್‌ಪಿಟೆಲ್ ಕೋರ್ಸುಗಳು ವರ್ಷಕ್ಕೆ ಎರಡು ಬಾರಿ, ಜನವರಿಯಿಂದ ಮತ್ತು ಜುಲೈಯಿಂದ ಶುರುವಾಗುವ ಅವಧಿಗಳಲ್ಲಿ ನಡೆಯುತ್ತವೆ. ಅವಧಿ 4, 8 ಅಥವಾ 12 ವಾರ. ನಾನು ಸೇರಿದ್ದು 8 ವಾರದ ಕೋರ್ಸು. ಪ್ರತಿ ವಾರ ಅರ್ಧ ಗಂಟೆಯ ಆಸುಪಾಸಿನ ಕೆಲವು ವಿಡಿಯೋಗಳು, ವಾರದ ಕೊನೆಗೆ ಒಂದು ಅಸೈನ್‌ಮೆಂಟ್.

ಸೇರಲು, ಪಾಠ ನೋಡಲು, ಅಸೈನ್‌ಮೆಂಟ್ ಬರೆಯಲು ಶುಲ್ಕ ಇಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಹಣ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75 ಅಂಕ. 8 ವಾರದ ಕೋರ್ಸಿನಲ್ಲಿ ಚೆನ್ನಾಗಿ ಬರೆದ 6 ಅಸೈನ್‌ಮೆಂಟುಗಳ ಸರಾಸರಿ ತೆಗೆದುಕೊಳ್ಳುತ್ತಾರೆ. ತೇರ್ಗಡೆಯಾಗಲು 25ಕ್ಕೆ 10 ಮತ್ತು 75ಕ್ಕೆ 30 ಬರಬೇಕು.

ನಾನು ಪರೀಕ್ಷೆಗೆ ಕಟ್ಟಲಿಲ್ಲ. ಆದ್ದರಿಂದ ನನ್ನ ಬಳಿ ಪ್ರಮಾಣಪತ್ರ ಇಲ್ಲ. ಒಂದು ನೋಟ್‌ಬುಕ್ ಇದೆ.

ನೋಟ್‌ಬುಕ್‌ನಲ್ಲಿ ಇರುವುದು

ಎಂಟು ವಾರದಲ್ಲಿ ಬರೆದುಕೊಂಡದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಐದು ವಿಷಯಗಳನ್ನು ನನ್ನ ಮಾತಿನಲ್ಲಿ, ನಮ್ಮ ಊರಿನ ಉದಾಹರಣೆಗಳೊಂದಿಗೆ ಹೇಳುತ್ತೇನೆ.

ಒಂದು: ಬರೆಯುವ ಮುಂಚೆ ‘ಇದನ್ನು ಓದಿದ ಮೇಲೆ ಅವರು ಏನು ಮಾಡಬೇಕು?’ ಎಂದು ಕೇಳಿಕೊಳ್ಳಬೇಕು. ಉತ್ತರ ಒಂದೇ ವಾಕ್ಯದಲ್ಲಿ ಬರದಿದ್ದರೆ ಬರೆಯಲು ಇನ್ನೂ ಸಮಯ ಆಗಿಲ್ಲ ಎಂದರ್ಥ. ಜುಲೈ 5ರಂದು ನನಗೆ ಈ ಪ್ರಶ್ನೆ ಹೊಳೆದಿದ್ದರೆ ಉತ್ತರ ‘ಹಣ ಕಳಿಸಬೇಕು’ ಎಂದಿರುತ್ತಿತ್ತು. ಆದರೆ ನಾನು ಬರೆದ ಸಂದೇಶದ ಉದ್ದೇಶ ಅವರಿಗೆ ನೋವು ಮಾಡುವುದಾಗಿತ್ತು. ಅದು ಪೂರ್ತಿ ಯಶಸ್ವಿಯಾಯಿತು.

ಎರಡು: ಮುಖ್ಯ ವಿಷಯ ಮೊದಲ ಸಾಲಿನಲ್ಲಿ ಇರಬೇಕು. ನಾವು ರಜೆ ಅರ್ಜಿಯನ್ನು ‘ವಿಷಯಾಂತರ, ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡುತ್ತೇವೆ. ಓದುವವರು ನಾಲ್ಕನೇ ಸಾಲಿಗೆ ಬಂದಾಗ ರಜೆ ಬೇಕೆಂದು ಗೊತ್ತಾಗುತ್ತದೆ. ‘ಅಕ್ಕನ ನಿಕಾಹ್ ಪ್ರಯುಕ್ತ ನವೆಂಬರ್ 12 ಮತ್ತು 13ರಂದು ನನಗೆ ರಜೆ ಬೇಕು’ ಎಂದು ಮೊದಲೇ ಬರೆದರೆ ಅದು ಅಗೌರವ ಅಲ್ಲ. ಓದುವವರ ಸಮಯಕ್ಕೆ ಕೊಡುವ ಗೌರವ. ಇಮೇಲ್ ಆದರೆ ವಿಷಯದ ಸಾಲಿನಲ್ಲೇ ಇದು ಬರಬೇಕು. ‘ಅರ್ಜೆಂಟ್’ ಎಂದು ಮಾತ್ರ ಬರೆದ ವಿಷಯದ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಮೂರು: ದಿನಾಂಕ, ಮೊತ್ತ, ಹೆಸರು. ವ್ಯವಹಾರ ಸಂವಹನದಲ್ಲಿ ಏಳು ಗುಣಗಳನ್ನು ಹೇಳುತ್ತಾರೆ: ಸ್ಪಷ್ಟತೆ, ಸಂಕ್ಷಿಪ್ತತೆ, ಖಚಿತತೆ, ಶುದ್ಧತೆ, ಪೂರ್ಣತೆ, ಸೌಜನ್ಯ, ಓದುವವರ ಬಗ್ಗೆ ಪರಿಗಣನೆ. ಇಂಗ್ಲಿಷಿನಲ್ಲಿ ಏಳೂ ‘ಸಿ’ ಅಕ್ಷರದಿಂದ ಶುರುವಾಗುವುದರಿಂದ ಸೆವೆನ್ ಸೀಸ್ ಎನ್ನುತ್ತಾರೆ. ನಮ್ಮ ಪ್ರಕರಣದಲ್ಲಿ ಸೋತದ್ದು ಖಚಿತತೆ. ‘ಕಲ್’ ಬದಲು ‘ಜುಲೈ 6’ ಎಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಇದು ಉರ್ದುವಿನ ತಪ್ಪು ಎಂದುಕೊಳ್ಳಬೇಡಿ. ಕನ್ನಡದಲ್ಲಿ ‘ಮುಂದಿನ ಸೋಮವಾರ’ ಎಂದು ಶನಿವಾರ ಹೇಳಿದರೆ ನಾಡಿದ್ದೋ, ಅದರ ಮುಂದಿನ ವಾರವೋ? ತರಗತಿಯಲ್ಲಿ ಕೇಳಿ ನೋಡಿ, ಎರಡು ಗುಂಪಾಗುತ್ತದೆ. ಇಂಗ್ಲಿಷಿನಲ್ಲಿ 5/7 ಎಂದರೆ ನಮಗೆ ಜುಲೈ 5, ಅಮೆರಿಕದವರಿಗೆ ಮೇ 7. ಆದ್ದರಿಂದ ಯಾವ ಭಾಷೆಯಾದರೂ ತಿಂಗಳ ಹೆಸರು ಬರೆಯುವುದು ಕ್ಷೇಮ.

ನಾಲ್ಕು: ತಪ್ಪಿನ ಬಗ್ಗೆ ಬರೆಯಬೇಕು, ಮನುಷ್ಯನ ಬಗ್ಗೆ ಅಲ್ಲ. ‘ನೀವು ಹಣ ಕಳಿಸಿಲ್ಲ’ ಎಂಬುದಕ್ಕೂ ‘ನಮ್ಮ ಖಾತೆಯಲ್ಲಿ ಇನ್ನೂ ಹಣ ಕಾಣುತ್ತಿಲ್ಲ’ ಎಂಬುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಮೊದಲನೆಯದು ಆರೋಪ. ಅದು ಸುಳ್ಳಾದರೆ ನಾವೇ ಸಣ್ಣವರಾಗುತ್ತೇವೆ. ಎರಡನೆಯದು ನಮಗೆ ಗೊತ್ತಿರುವ ಸಂಗತಿ ಮಾತ್ರ. ಅದು ಎಂದಿಗೂ ಸುಳ್ಳಾಗುವುದಿಲ್ಲ. ಹಣ ದಾರಿಯಲ್ಲಿದ್ದರೂ ಮಾತು ಕೆಡುವುದಿಲ್ಲ. ಇದು ಮೆತ್ತಗೆ ಮಾತಾಡುವ ಉಪಾಯ ಎಂದು ಮೊದಲು ಅಂದುಕೊಂಡಿದ್ದೆ. ನಿಜವಾಗಿ ಇದು ನಮಗೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನದಿರುವ ಪ್ರಾಮಾಣಿಕತೆ.

ಐದು: ಸರಿಯಾದ ಮಾಧ್ಯಮ. ಲೆಕ್ಕ, ದರ, ಗಡುವು ಇವುಗಳನ್ನು ಬರೆದು ಕಳಿಸಬೇಕು. ನಾಳೆ ತೆಗೆದು ನೋಡಲು ಬೇಕಾಗುತ್ತದೆ. ಬೇಸರ, ಕ್ಷಮೆ, ಜಗಳ ಇವುಗಳನ್ನು ಫೋನಿನಲ್ಲಿ ಅಥವಾ ಎದುರಿಗೆ ಕೂತು ಮಾತಾಡಬೇಕು. ಅಕ್ಷರಗಳಿಗೆ ದನಿ ಇಲ್ಲ. ನಾವು ತಿರುಗುಮುರುಗು ಮಾಡಿದ್ದೆವು. ಲೆಕ್ಕವನ್ನು ಫೋನಿನಲ್ಲಿ ಮುಗಿಸಿ, ಜಗಳವನ್ನು ಬರೆದು ಕಳಿಸಿದ್ದೆವು.

ಎರಡನೆಯ ಸಂದೇಶ

ನಾಲ್ಕನೇ ವಾರದ ಪಾಠ ಮುಗಿದಾಗ ಆಗಸ್ಟ್ ತಿಂಗಳು. ಅಬ್ಬಾ ಅವರಿಗೆ ಇನ್ನೊಂದು ಸಲ ಬರೆಯುತ್ತೇನೆ ಎಂದೆ. ನಾನು ತಯಾರಿಸಿದ ಕರಡಿನಲ್ಲಿ ಕ್ಷಮೆ ಕೇಳುವ ಸಾಲು ಇತ್ತು. ಅಬ್ಬಾ ಒಪ್ಪಲಿಲ್ಲ. ‘ಹಣ ಕೊಡಬೇಕಾದವರು ಅವರು, ಕ್ಷಮೆ ಕೇಳಬೇಕಾದವರು ನಾವಾ?’ ಎಂದರು. ನನಗೂ ಉತ್ತರ ಗೊತ್ತಿರಲಿಲ್ಲ. ಆ ದಿನ ಸಂದೇಶ ಹೋಗಲಿಲ್ಲ.

ಎರಡು ದಿನ ಬಿಟ್ಟು ಅಬ್ಬಾ ಅವರೇ ಹೇಳಿದರು: ಹಣದ ಲೆಕ್ಕ ಬೇರೆ, ಮಾತಿನ ಲೆಕ್ಕ ಬೇರೆ. ಹಣದಲ್ಲಿ ಅವರು ಬಾಕಿ, ಮಾತಿನಲ್ಲಿ ನಾವು ಬಾಕಿ. ನಮ್ಮ ಬಾಕಿ ನಾವು ತೀರಿಸೋಣ. ಕೋರ್ಸಿನ ಯಾವ ವಿಡಿಯೋದಲ್ಲೂ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ನಾವು ಕಳಿಸಿದ್ದು ಉರ್ದುವಿನಲ್ಲಿ. ಅದರ ಕನ್ನಡ ಹೀಗಿದೆ:

‘ಅಸ್ಸಲಾಮು ಅಲೈಕುಂ. ಜೂನ್ 4ರಂದು ಕಳಿಸಿದ 12 ಕೆ.ಜಿ. ನೂಲಿನ ಲೆಕ್ಕ ಮುಗಿಸುವ ಬಗ್ಗೆ ಬರೆಯುತ್ತಿದ್ದೇವೆ. ಒಟ್ಟು ₹50,400. ಜುಲೈ 6ರಂದು ನಿಮ್ಮಿಂದ ₹30,000 ಬಂದಿದೆ, ಶುಕ್ರಿಯಾ. ಉಳಿದಿರುವುದು ₹20,400. ಜುಲೈ 5ರ ನಿಮ್ಮ ಸಂದೇಶವನ್ನು ನಾವು ತಪ್ಪಾಗಿ ಓದಿಕೊಂಡು ಹಾಗೆ ಬರೆದೆವು, ಅದಕ್ಕೆ ಮಾಫಿ ಇರಲಿ. ನೂಲಿನಲ್ಲಿ ದೋಷ ಏನಾದರೂ ಕಂಡಿದ್ದರೆ ಆ ಲಡಿಯ ಫೋಟೋ ಕಳಿಸಿ. ಇಲ್ಲದಿದ್ದರೆ ಆಗಸ್ಟ್ 31ರೊಳಗೆ ಉಳಿದ ಹಣ ಕಳಿಸಲು ಆಗುವುದೇ ಎಂದು ತಿಳಿಸಿ. ಮಾತಾಡಲು ನಿಮಗೆ ಯಾವ ಹೊತ್ತು ಅನುಕೂಲ?’

ಅದೇ ಸಂಜೆ ಉತ್ತರ ಬಂತು. ಎರಡು ಲಡಿಗಳ ಫೋಟೋ ಇತ್ತು. ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಬ್ಬಾ ನೋಡಿದ ಕೂಡಲೇ ಹೌದು, ಅದು ನಮ್ಮದೇ ತಪ್ಪು ಎಂದರು. ಆ ವ್ಯಾಪಾರಿ ಇದನ್ನು ಹೇಳಬೇಕೆಂದೇ ‘ಬಾಕಿ ಬಾದ್ ಮೇ’ ಎಂದು ಬರೆದಿದ್ದರಂತೆ. ನಮ್ಮ ಉತ್ತರ ನೋಡಿದ ಮೇಲೆ ಹೇಳುವ ಮನಸ್ಸಾಗಲಿಲ್ಲವಂತೆ. ಫೋನಿನಲ್ಲಿ ಮಾತಾಡಿ ₹2,400 ಬಿಡುವುದೆಂದು ಆಯಿತು. ಸೆಪ್ಟೆಂಬರಿನಲ್ಲಿ ₹10,000 ಬಂತು. ₹8,000 ಇನ್ನೂ ಬರಬೇಕು. ಇದು ಸಿನಿಮಾದ ಹಾಗೆ ಮುಗಿದಿಲ್ಲ. ಆದರೆ ಅಬ್ಬಾ ಈಗಲೂ ಅವರಿಗೆ ನೂಲು ಕಳಿಸುತ್ತಾರೆ, ಅವರು ಫೋನ್ ಎತ್ತುತ್ತಾರೆ.

ಮರುಮಾಹಿತಿ ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು. ‘ದೋಷ ಕಂಡಿದ್ದರೆ ತಿಳಿಸಿ’ ಎಂಬ ಒಂದು ಸಾಲಿನಿಂದ ಆಚೆ ಕಡೆಯ ಮಾತು ಬರಲು ದಾರಿ ಆಯಿತು. ನನ್ನ ಮೊದಲ ಸಂದೇಶದಲ್ಲಿ ಆ ದಾರಿಯೇ ಇರಲಿಲ್ಲ.

ಬರೆದಿಡುವುದು ನಮಗೆ ಹೊಸದಲ್ಲ

ಈ ಘಟನೆಯ ನಂತರ ನಮ್ಮ ನಾನಾ ಒಂದು ಮಾತು ನೆನಪಿಸಿದರು. ಪವಿತ್ರ ಕುರ್‌ಆನಿನ ಅತಿ ಉದ್ದನೆಯ ಆಯತ್ ಸೂರಾ ಅಲ್ ಬಖರಾದ 282ನೆಯದು. ಅದರ ವಿಷಯ ಸಾಲದ ವ್ಯವಹಾರ. ಗಡುವು ಇಟ್ಟು ಸಾಲದ ವ್ಯವಹಾರ ಮಾಡಿದರೆ ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲದ ಹೊಣೆ ಇರುವವನೇ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂಬುದು ಅದರ ಸಾರಾಂಶ. ಅನುಮಾನಕ್ಕೆ ಜಾಗ ಇರಬಾರದು ಎಂಬುದೂ ಅದರಲ್ಲೇ ಬರುತ್ತದೆ.

ನಮ್ಮ ಕಡೆ ಲಿಖಿತವಾಗಿ ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ಲವಾ?’ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಬರೆದಿಡುವುದು ನಂಬಿಕೆಯನ್ನು ಕಾಪಾಡಲು ಎಂದು ನಾನಾ ಹೇಳಿದರು. ಈಗ ಪ್ರತಿ ಸಲ ನೂಲು ಕಳಿಸಿದ ದಿನವೇ ನಾನು ನಾಲ್ಕು ಸಾಲಿನ ಸಂದೇಶ ಕಳಿಸುತ್ತೇನೆ: ತೂಕ, ದರ, ಒಟ್ಟು ಮೊತ್ತ, ಹಣ ಕೊಡುವ ದಿನಾಂಕ. ಕೊನೆಗೆ ‘ಸರಿ ಇದೆಯೇ?’ ಎಂಬ ಪ್ರಶ್ನೆ. ಅವರು ‘ಸರಿ’ ಎಂದು ಕಳಿಸಿದರೆ ಎರಡೂ ಕಡೆಯ ಬಳಿ ದಾಖಲೆ ಉಳಿಯುತ್ತದೆ. ಕೋರ್ಸಿನಲ್ಲಿ ಇದನ್ನು ಫಾಲೋ ಅಪ್ ಇಮೇಲ್ ಎನ್ನುತ್ತಾರೆ. ಸಭೆ ಮುಗಿದ ಮೇಲೆ ಏನು ತೀರ್ಮಾನವಾಯಿತು, ಯಾರು ಯಾವಾಗ ಏನು ಮಾಡಬೇಕು ಎಂದು ಬರೆದು ಎಲ್ಲರಿಗೂ ಕಳಿಸುವುದು.

ಮೂರು ಭಾಷೆಯ ನಾವು

ನಮ್ಮಲ್ಲಿ ಹಲವರು ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಬಳಸುವವರು. ಹೀಗಾಗಿ ಯಾವ ಭಾಷೆಯೂ ಪೂರ್ತಿ ಬರುವುದಿಲ್ಲ ಎಂಬ ಅಳುಕು ನಮಗಿದೆ. ಅಳುಕಿನಿಂದ ನಾವು ಇಂಗ್ಲಿಷಿನಲ್ಲಿ ಭಾರಿ ಪದಗಳನ್ನು ಹುಡುಕುತ್ತೇವೆ. ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಬರೆಯುತ್ತೇವೆ. ಏನು ಮಾಡಬೇಕೆಂದು ಮಾತ್ರ ಬರೆಯುವುದಿಲ್ಲ. ‘ರಿವರ್ಟ್ ಬ್ಯಾಕ್’ ಎನ್ನುತ್ತೇವೆ. ‘ರಿಪ್ಲೈ’ ಎಂದರೆ ಸಾಕು.

ನಾನು ಮೊದಲ ಸಂದೇಶವನ್ನು ಇಂಗ್ಲಿಷಿನಲ್ಲಿ ಬರೆದದ್ದೂ ಇದೇ ಕಾರಣಕ್ಕೆ. ಇಂಗ್ಲಿಷಿನಲ್ಲಿ ಬರೆದರೆ ಅವರು ಹೆದರುತ್ತಾರೆ ಎಂದುಕೊಂಡಿದ್ದೆ. ವ್ಯವಹಾರದ ಒಳ್ಳೆಯ ಭಾಷೆ ಎಂದರೆ ಓದುವವರಿಗೆ ಸುಲಭವಾದ ಭಾಷೆ. ಬ್ಯಾಂಕಿಗೆ ಇಂಗ್ಲಿಷ್ ಅಥವಾ ಕನ್ನಡ, ಆ ವ್ಯಾಪಾರಿಗೆ ಉರ್ದು, ಗೂಡು ತರುವ ರೈತರಿಗೆ ಕನ್ನಡ. ಮೂರು ಭಾಷೆ ಬರುವುದು ನಮಗೆ ಕೊರತೆ ಅಲ್ಲ, ಮೂರು ಕಡೆ ಕೆಲಸ ಮಾಡುವ ಅನುಕೂಲ. ಒಂದೇ ಸಂದೇಶದಲ್ಲಿ ಮೂರನ್ನೂ ಕಲಸಿದಾಗ ಮಾತ್ರ ತೊಂದರೆ.

ಕೋರ್ಸಿನಿಂದ ಆಗದ್ದು

ಕೋರ್ಸನ್ನು ಹೊಗಳಿ ಮಾತ್ರ ಬರೆದರೆ ಅದು ಜಾಹೀರಾತು ಆಗುತ್ತದೆ. ಆದ್ದರಿಂದ ಕೊರತೆಗಳನ್ನೂ ಹೇಳಬೇಕು.

ನಾನು ನೋಡಿದ ಅಸೈನ್‌ಮೆಂಟುಗಳು ಹೆಚ್ಚಾಗಿ ಬಹು ಆಯ್ಕೆ ಪ್ರಶ್ನೆಗಳು. ನಾಲ್ಕರಲ್ಲಿ ಸರಿಯಾದ ಇಮೇಲ್ ಯಾವುದೆಂದು ಗುರುತಿಸುವುದು ಸುಲಭ, ಖಾಲಿ ಪುಟದಲ್ಲಿ ಬರೆಯುವುದು ಕಷ್ಟ. ನಾವು ಬರೆದದ್ದನ್ನು ಓದಿ ತಿದ್ದುವವರು ಅಲ್ಲಿ ಇಲ್ಲ. ಮಾತಾಡುವ ಅಭ್ಯಾಸವಂತೂ ವಿಡಿಯೋ ನೋಡಿ ಬರುವುದಿಲ್ಲ. ಈಜುವ ವಿಡಿಯೋ ನೋಡಿದವನು ಕೆರೆಗೆ ಇಳಿದ ಹಾಗೆ. ಉದಾಹರಣೆಗಳು ದೊಡ್ಡ ಕಂಪನಿಗಳ ಸಭೆ, ಪ್ರೆಸೆಂಟೇಶನ್‌ಗಳವು. ಗೂಡು ಮಾರುಕಟ್ಟೆಯೋ, ಕಿರಾಣಿ ಅಂಗಡಿಯೋ ಅಲ್ಲಿ ಬರುವುದಿಲ್ಲ. ಅದನ್ನು ನಾವೇ ಜೋಡಿಸಿಕೊಳ್ಳಬೇಕು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಇಶಾ ನಮಾಜಿನ ನಂತರವೇ ನಮ್ಮ ಸರದಿ. ಐದನೇ ವಾರ ನಾನೂ ಬಿಟ್ಟುಬಿಡುವವನಿದ್ದೆ.

ಬಿಡದಂತೆ ಮಾಡಿದ್ದು ಇಬ್ಬರು ಗೆಳೆಯರು. ಮೂವರೂ ಒಂದೇ ಕೋರ್ಸಿಗೆ ಸೇರಿದ್ದೆವು. ವಾರಕ್ಕೆ ಎರಡು ದಿನ ಜುಹರ್ ನಂತರ ಗ್ರಂಥಾಲಯದ ಹಿಂದಿನ ಮೇಜಿನಲ್ಲಿ ಕೂರುತ್ತಿದ್ದೆವು. ಒಬ್ಬ ಸಂದೇಶ ಬರೆಯಬೇಕು, ಇನ್ನೊಬ್ಬ ಅದನ್ನು ಓದಿ ‘ನಾನು ಏನು ಮಾಡಬೇಕೆಂದು ನೀನು ಕೇಳುತ್ತಿದ್ದೀಯ’ ಎಂದು ತನ್ನ ಮಾತಿನಲ್ಲಿ ಹೇಳಬೇಕು. ತಪ್ಪಾಗಿ ಹೇಳಿದರೆ ಬರೆದವನದೇ ತಪ್ಪು, ಓದಿದವನದಲ್ಲ. ಮೂರನೆಯವನು ಗಡಿಯಾರ ನೋಡಬೇಕು. ಈ ಆಟಕ್ಕೆ ಇಂಟರ್ನೆಟ್ ಬೇಡ. ಕೋರ್ಸಿನಷ್ಟೇ ನಾವು ಇದರಿಂದಲೂ ಕಲಿತೆವು.

ಸೇರುವವರಿಗೆ

ಸ್ವಯಂ ಜಾಲತಾಣದಲ್ಲಿ ಇಮೇಲ್ ವಿಳಾಸದಿಂದ ಖಾತೆ ತೆರೆಯಿರಿ. ಸಂವಹನ ಅಥವಾ ಸಾಫ್ಟ್ ಸ್ಕಿಲ್ಸ್ ಎಂದು ಹುಡುಕಿ. ಮೊದಲು ಕೋರ್ಸಿನ ಪರಿಚಯ ವಿಡಿಯೋ ಮತ್ತು ವಾರವಾರದ ಪಾಠಪಟ್ಟಿ ನೋಡಿ; ಇಂಗ್ಲಿಷ್ ಕಷ್ಟ ಎನಿಸಿದರೆ 4 ವಾರದ ಕೋರ್ಸಿನಿಂದ ಶುರು ಮಾಡಿ. ಎನ್‌ಪಿಟೆಲ್ ಆಯ್ದ ಕೋರ್ಸುಗಳ ಪಠ್ಯವನ್ನು ಕನ್ನಡ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಕೊಡುತ್ತದೆ. ನಿಮ್ಮ ಕೋರ್ಸಿಗೆ ಇದೆಯೇ ನೋಡಿ. ವಿಡಿಯೋ ವೇಗವನ್ನು ಕಡಿಮೆ ಮಾಡಿಕೊಳ್ಳಬಹುದು, ಅದರಲ್ಲಿ ನಾಚಿಕೆ ಇಲ್ಲ.

ಸೇರುವ ಕೊನೆಯ ದಿನ, ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನ ಎರಡೂ ಬೇರೆ ಬೇರೆ. ಎರಡನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಪಿಯು ಅಂಕಪಟ್ಟಿಗೆ ಇದು ಸೇರುವುದಿಲ್ಲ. ಆದರೆ ಪದವಿಗೆ ಹೋದಾಗ ಬೇಕಾಗಬಹುದು. ಯುಜಿಸಿಯ 2021ರ ನಿಯಮಗಳ ಪ್ರಕಾರ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರಿನಲ್ಲಿ ಶೇ. 40ರವರೆಗಿನ ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ಅವಕಾಶ ಕೊಡಬಹುದು. ‘ಹಣ ಕಟ್ಟಿ, ನಾಳೆಯೇ ಸರ್ಟಿಫಿಕೇಟ್’ ಎನ್ನುವ ಜಾಹೀರಾತುಗಳಿಂದ ದೂರ ಇರಿ. ಪಾಠವೇ ಇಲ್ಲದ ಪ್ರಮಾಣಪತ್ರದಿಂದ ಸಂದರ್ಶನದಲ್ಲಿ ಎರಡು ವಾಕ್ಯ ಬರೆಯಲು ಆಗುವುದಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವು ಪ್ರಾಥಮಿಕ ಶಾಲೆಯಿಂದ ವಿಸ್ತರಿಸಿ ಬರೆಯುತ್ತಾ ಬಂದಿದ್ದೇವೆ. ಮಾತು ಬಲ್ಲವನು ಎಂದರೆ ಚೆನ್ನಾಗಿ ಮಾತಾಡುವವನು ಎಂದು ತಿಳಿದಿದ್ದೆ. ಈಗ ನನಗೆ ಅನಿಸುವುದು, ಕಳಿಸುವ ಮುಂಚೆ ಇನ್ನೊಮ್ಮೆ ಓದುವವನು ಎಂದು.

ಬಾಕಿ ₹8,000ಕ್ಕೆ ಅವರು ಹೇಳಿರುವ ದಿನ ಡಿಸೆಂಬರ್ 15. ‘ಕಲ್’ ಎಂದು ಅವರೂ ಬರೆದಿಲ್ಲ, ನಾವೂ ಬರೆದಿಲ್ಲ.